ನೋಡೋಣ ಎಂದ ತಪ್ಪಿಗೆ

ಹನ್ನೊಂದು ವರ್ಷ ನಾನು ಧ್ರುವ ಪ್ರದೇಶದ ಸಂಶೋಧಕರ ಜೊತೆ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ನಾನು ಕಣ್ಣಾರೆ ಕಂಡ ಅತಿ ದೊಡ್ಡ ಹಿಮರಾಶಿ ಎಂದರೆ ನ್ಯೂಜೆರ್ಸಿಯ ಹ್ಯಾರಿಸನ್ನಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಸ್ನೋ ತಳ್ಳುವ ಗಾಡಿಯವನು ಮೂಲೆಗೆ ಗುಡ್ಡೆ ಹಾಕಿದ್ದು. ಇದನ್ನು ಕನ್ನಡ ಕೂಟದಲ್ಲಿ ಯಾರೂ ನಂಬುತ್ತಿರಲಿಲ್ಲ. ಯುಗಾದಿ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಯಾರಾದರೊಬ್ಬ ಅಂಕಲ್ ಹಿಮಕರಡಿ ನೋಡಿದ್ರಾ ಎಂದು ಕೇಳಿಯೇ ಕೇಳುತ್ತಿದ್ದರು. ಇಲ್ಲ, ಹಿಮಕರಡಿ ಇರುವ ಊರಿಗೆ ಹೋಗುವವರ ಟಿಕೆಟ್ ಬುಕ್ ಮಾಡುವವಳು ನಾನು ಎಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಕಡೆಕಡೆಗೆ ಒಂದು ಸಲ ದೂರದಿಂದ ನೋಡಿದೆ ಎಂದು ಸುಳ್ಳು ಹೇಳಲು ಶುರುಮಾಡಿದೆ. ಅವರಿಗೂ ಸಮಾಧಾನ, ಸಾಲೂ ಬೇಗ ಮುಂದೆ ಹೋಗುತ್ತಿತ್ತು.

ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ನ್ಯೂಜೆರ್ಸಿಯದೇ, ನ್ಯೂಆರ್ಕಿನಿಂದ ಟ್ರೇನಿನಲ್ಲಿ ಮುಕ್ಕಾಲು ಗಂಟೆ ಎಂದರೆ ಸಾಕು. ಬೆಳಿಗ್ಗೆ ಹ್ಯಾರಿಸನ್ನಿನಲ್ಲಿ ಪಾತ್ ಎಂಬ ಸಣ್ಣ ಟ್ರೇನು ಹತ್ತಿ ಒಂದೇ ಒಂದು ಸ್ಟೇಷನ್ ಹೋಗಿ, ನ್ಯೂಆರ್ಕಿನಲ್ಲಿ ಇಳಿದು ದೊಡ್ಡ ಟ್ರೇನು ಹಿಡಿಯುತ್ತಿದ್ದೆ. ಊರಿಗೆ ಊರೇ ಮ್ಯಾನ್‌ಹಟನ್ನಿನ ಕಡೆ ನುಗ್ಗುವ ಹೊತ್ತಿಗೆ ನನ್ನದು ಎದುರು ದಿಕ್ಕು. ಹಾಗಾಗಿ ಕಿಟಕಿ ಪಕ್ಕದ ಸೀಟು ಯಾವತ್ತೂ ತಪ್ಪುತ್ತಿರಲಿಲ್ಲ. ಈಗಲೂ ಆ ಕಿಟಕಿ, ಆ ಕಾಫಿ ಫ್ಲಾಸ್ಕು, ತೊಡೆಯ ಮೇಲೆ ಬೆಚ್ಚಗೆ ಕೂತ ಬುತ್ತಿ ನೆನಪಾದರೆ ಎದ್ದು ಹೊರಟುಬಿಡೋಣ ಅನ್ನಿಸುತ್ತದೆ. ಹೋಗಿ ಮಾಡುವುದೇನು? ನಮ್ಮ ಕೋಣೆಯಲ್ಲಿ ಈಗ ಬೇರೆ ಯಾವುದೋ ವಿಭಾಗದವರು ಕೂತಿದ್ದಾರೆ.

ನಮ್ಮದು ಸಣ್ಣ ತಂಡ. ಉತ್ತರದ ತುದಿಯಲ್ಲಿ ಸಮುದ್ರದ ಮಂಜುಗಡ್ಡೆ ತೆಳುವಾಗುತ್ತಿರುವಾಗ ಅಲ್ಲಿನ ಮೂಲನಿವಾಸಿಗಳ ಬೇಟೆ, ಮೀನುಗಾರಿಕೆ, ಮನೆಮಠ ಏನಾಗುತ್ತಿದೆ ಎಂದು ಅವರಿಂದಲೇ ಕೇಳಿ ತಿಳಿಯುವುದು, ತಿಳಿದದ್ದನ್ನು ವಾಷಿಂಗ್ಟನ್ನಿನಲ್ಲಿ ನೀತಿ ನಿಯಮ ಮಾಡುವವರ ಕಿವಿಗೆ ಹಾಕುವುದು ಆ ತಂಡದ ಕೆಲಸ. ನಾನು ಸಂಶೋಧಕಿಯಲ್ಲ. ಟಿಕೆಟ್ಟು, ಹೋಟೆಲ್ಲು, ಫಾರಮ್ಮು, ಸಭೆಯ ನಡಾವಳಿ, ಕಾಫಿ ಯಂತ್ರದ ರಿಪೇರಿ, ಎಲ್ಲವೂ ನನ್ನ ಪಾಲಿಗೆ. ಗೋಡೆಯ ಮೇಲೆ ಭೂಮಿಯನ್ನು ನೆತ್ತಿಯಿಂದ ನೋಡಿದಂಥ ಒಂದು ದೊಡ್ಡ ನಕ್ಷೆ ಇತ್ತು. ನಡುವೆ ಉತ್ತರ ಧ್ರುವ, ಸುತ್ತ ಉಳಿದ ದೇಶಗಳು. ಇಂಡಿಯಾ ಅದರಲ್ಲಿ ಮುಂಬೈ ಬರುವ ಮೊದಲೇ ಮುಗಿದುಹೋಗುತ್ತಿತ್ತು. ನಮ್ಮೂರು ಕುಂದಾಪುರ ಎಲ್ಲಿ ಬರಬಹುದೆಂದು ಸ್ಕೇಲು ಹಿಡಿದು ಲೆಕ್ಕ ಹಾಕಿ, ನಕ್ಷೆಯ ಹೊರಗೆ ಬರೀ ಗೋಡೆಯ ಮೇಲೆ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ದೆ. ಅದು ಏನೆಂದು ಯಾರೂ ಕೇಳಲಿಲ್ಲ. ಯಾವುದೋ ಸಂಶೋಧನಾ ಕೇಂದ್ರ ಅಂದುಕೊಂಡಿರಬೇಕು.

ತಂಡದ ಹಿರಿಯರು ಒಬ್ಬ ಪ್ರೊಫೆಸರ್. ಎಂಬತ್ತರ ಹತ್ತಿರ ಬಂದಿದ್ದರೂ ದಿನಾ ಬರುತ್ತಿದ್ದರು. ಇಪ್ಪತ್ತೆರಡರ ಹುಡುಗನಾಗಿದ್ದಾಗ ಭಾರದ ಟೇಪ್ ರೆಕಾರ್ಡರ್ ಹೊತ್ತು ಅಲಾಸ್ಕಾದ ಉತ್ತರ ತೀರದ ಒಂದು ಹಳ್ಳಿಗೆ ಹೋಗಿ, ಅಲ್ಲಿ ಒಬ್ಬ ಹೆಂಗಸಿನ ಮನೆಯಲ್ಲಿ ಚಳಿಗಾಲ ಕಳೆದವರು. ಮಂಜುಗಡ್ಡೆಯ ಬಗ್ಗೆ, ಸೀಲ್ ಬೇಟೆಯ ಬಗ್ಗೆ ಆಕೆ ಹೇಳಿದ್ದನ್ನೆಲ್ಲ ಒಂಬತ್ತು ಟೇಪುಗಳಲ್ಲಿ ತುಂಬಿಸಿ ತಂದಿದ್ದರು. ಆ ಟೇಪುಗಳು ನಮ್ಮ ಕೋಣೆಯ ಕಬ್ಬಿಣದ ಬೀರುವಿನಲ್ಲಿದ್ದವು. ಅವುಗಳ ಧ್ವನಿಯನ್ನು ಕಂಪ್ಯೂಟರಿಗೂ ಹತ್ತಿಸಿಯಾಗಿತ್ತು. ಪ್ರೊಫೆಸರರ ಅರೆಬರೆ ಟಿಪ್ಪಣಿ ನೋಡಿಕೊಂಡು, ಯಾವ ಟೇಪಿನಲ್ಲಿ ಎಷ್ಟು ನಿಮಿಷಕ್ಕೆ ಏನಿದೆ ಎಂದು ಪಟ್ಟಿ ಮಾಡುವ ಕೆಲಸ ನನಗೆ ಬಂತು.

ಒಂದು ಅಕ್ಷರ ತಿಳಿಯದ ಭಾಷೆ. ಆದರೂ ಕೇಳುತ್ತ ಕೇಳುತ್ತ ನನಗೆ ಆ ಹೆಂಗಸಿನ ಧ್ವನಿಯ ಮೇಲೆ ಮೋಹ ಹುಟ್ಟಿತು. ಮಾತಿನ ನಡುವೆ ಉಸಿರು ಒಳಕ್ಕೆಳೆದುಕೊಂಡು ಸುಮ್ಮನಾಗುತ್ತಿದ್ದಳು. ಕಪ್ಪು ಬಸಿಗೆ ತಾಗುವ ಸದ್ದು, ನಾಯಿ ಬೊಗಳುವುದು, ಮಕ್ಕಳು ಕಿಸಕ್ಕೆಂದು ನಗುವುದು, ಬಾಗಿಲು ಬಡಿಯುವುದು. ಚಿತ್ರಾನ್ನ ತಿನ್ನುತ್ತ ಹೆಡ್‌ಫೋನ್ ಹಾಕಿಕೊಂಡು ಕೂತರೆ ಕುಂದಾಪುರದ ನಮ್ಮ ಜಗುಲಿಯಲ್ಲಿ ಅಜ್ಜಿಯರ ಮಾತು ಕೇಳುತ್ತಿದ್ದೇನೆ ಅನ್ನಿಸುತ್ತಿತ್ತು. ನನ್ನ ಅಮ್ಮ ಆಗಷ್ಟೇ ತೀರಿಕೊಂಡಿದ್ದರು. ಫೋನು ಬದಲಿಸುವಾಗ ಅವರು ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನೆಲ್ಲ ನಾನೇ ಕಳೆದುಹಾಕಿದ್ದೆ. ಅದರ ಸಂಕಟವನ್ನು ಯಾರ ಹತ್ತಿರ ಹೇಳುವುದು? ಹೇಳಿದರೆ ನನ್ನ ದಡ್ಡತನವೇ ಹೊರಬೀಳುತ್ತದೆ. ಆ ಪರಭಾಷೆಯ ಹೆಂಗಸಿನ ಧ್ವನಿ ಕೇಳುತ್ತ ನಾನು ಒಳಗೊಳಗೇ ಹಗುರಾಗುತ್ತಿದ್ದೆ.

ಆ ಹೆಂಗಸಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ಆಗಲೇ ಮುದುಕಿಯರು, ಅದೇ ಹಳ್ಳಿಯಲ್ಲಿದ್ದರು. ಕಿರಿಯಾಕೆ ನಮ್ಮ ತಂಡಕ್ಕೆ ಮೂರು ಸಲ ಕಾಗದ ಬರೆದಿದ್ದಳು. ನಮ್ಮ ಅಮ್ಮನ ಧ್ವನಿ ನಿಮ್ಮಲ್ಲಿದೆಯಂತೆ, ನಮಗೆ ಕಳಿಸಿಕೊಡಿ, ಅಷ್ಟೇ. ನಿಮ್ಮ ಕೋರಿಕೆ ಪರಿಶೀಲನೆಯಲ್ಲಿದೆ ಎಂದು ಮೂರು ಸಲವೂ ಉತ್ತರ ಹೋಗಿತ್ತು. ಮೂರನೆಯದನ್ನು ಟೈಪ್ ಮಾಡಿದವಳು ನಾನೇ.

ಪ್ರೊಫೆಸರರಿಗೆ ಕೊಡಲು ಮನಸ್ಸಿರಲಿಲ್ಲ ಎಂದಲ್ಲ. ಅಂದು ಆ ತಾಯಿ ಒಂದು ಫಾರಮ್ಮಿನ ಮೇಲೆ ಸಹಿಯ ಬದಲು ಗೀಟು ಎಳೆದು ಟೇಪುಗಳನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದಳು. ಅದರಲ್ಲಿ ನೆರೆಹೊರೆಯವರ ಧ್ವನಿಗಳೂ ಇವೆ, ಅವರೆಲ್ಲರ ವಾರಸುದಾರರ ಒಪ್ಪಿಗೆ ಬರುವ ತನಕ ಪ್ರತಿ ಈ ಕೋಣೆಯಿಂದ ಆಚೆ ಹೋಗಕೂಡದು ಎಂದು ಕಾನೂನು ವಿಭಾಗದವರು ಪಟ್ಟು ಹಿಡಿದಿದ್ದರು. ಆ ನೆರೆಹೊರೆಯವರಲ್ಲಿ ಅರ್ಧ ಜನರ ಹೆಸರೇ ಯಾರಿಗೂ ಗೊತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಕುಂದಾಪುರಕ್ಕೆ ಮಾತ್ರ ಅಲ್ಲ, ಅಮೆರಿಕಕ್ಕೂ ಸಲ್ಲುತ್ತದೆ. ಪ್ರೊಫೆಸರ್ ಆ ಆಫೀಸಿಗೆ ಹೋಗಿ ಬಂದಾಗಲೆಲ್ಲ ಬ್ಯಾಗನ್ನು ಕುರ್ಚಿಯ ಮೇಲೆ ಎಸೆಯುತ್ತಿದ್ದರು.

ಹೀಗಿರುವಾಗ ಒಂದು ಮೇ ತಿಂಗಳಲ್ಲಿ ನಾವು ನೀತಿ ರೂಪಿಸುವವರನ್ನೂ ಉತ್ತರದ ಹಳ್ಳಿಗಳವರನ್ನೂ ಕೂರಿಸಿ ಮೂರು ದಿನದ ಕಾರ್ಯಾಗಾರ ಇಟ್ಟುಕೊಂಡೆವು. ಮಂಜು ಕರಗಿದ ನೀರಿನಲ್ಲಿ ದೊಡ್ಡ ಹಡಗುಗಳು ಓಡಾಡತೊಡಗಿವೆ, ಅದಕ್ಕೆ ಏನು ನಿಯಮ ಬೇಕು ಎಂಬುದು ವಿಷಯ. ಆ ಹಳ್ಳಿಯಿಂದ ಬಂದದ್ದು ಅದೇ ಕಿರಿಯ ಮಗಳು. ನಾಲ್ಕು ವಿಮಾನ ಬದಲಿಸಿ ನ್ಯೂಆರ್ಕಿನಲ್ಲಿ ಇಳಿದರು. ಕರೆದುಕೊಂಡು ಬರಲು ನಾನು ಹೋಗಿದ್ದೆ. ಕುಳ್ಳಗೆ, ದುಂಡಗೆ, ಕೈಯಲ್ಲಿ ದಪ್ಪ ಕೋಟು ಹಿಡಿದು ಬೆವರುತ್ತ ನಿಂತಿದ್ದವರನ್ನು ನೋಡಿ ನನ್ನ ಬಾಯಲ್ಲಿ ಅಭ್ಯಾಸಬಲದಿಂದ ಆಂಟಿ ಎಂದು ಬಂದುಬಿಟ್ಟಿತು. ನಾನು ಯಾರ ಆಂಟಿ ಎಂದು ಕೇಳಿದರು. ನಮ್ಮಲ್ಲಿ ಹಿರಿಯರನ್ನು ಹಾಗೇ ಕರೆಯುವುದು ಎಂದೆ. ಕಾರಿನಲ್ಲಿ ಬಹಳ ಹೊತ್ತು ಯೋಚನೆ ಮಾಡಿ, ಹಾಗಾದರೆ ನೀನು ನನ್ನ ಅಕ್ಕನ ಮಗಳು, ಅವಳಿಗೆ ಮಕ್ಕಳಿಲ್ಲ, ಹೇಳಿದರೆ ಸಂತೋಷಪಡುತ್ತಾಳೆ ಎಂದರು. ಕನ್ನಡ ಕೂಟದಲ್ಲಿ ಐವತ್ತು ಜನರನ್ನು ಆಂಟಿ ಎಂದು ಕರೆಯುತ್ತೇನೆ. ಒಬ್ಬರೂ ಅದನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

ಸಭೆಯಲ್ಲಿ ಅವರಿಗೆ ಹತ್ತು ನಿಮಿಷ ಕೊಟ್ಟಿದ್ದರು. ಮೂರೇ ನಿಮಿಷ ಮಾತಾಡಿದರು. ಹಡಗಿನ ಸದ್ದಿಗೆ ಸೀಲುಗಳು ದೂರ ಹೋಗುತ್ತವೆ, ದೂರ ಹೋದರೆ ನಮ್ಮ ಹುಡುಗರು ಸಣ್ಣ ದೋಣಿಯಲ್ಲಿ ದೂರ ಹೋಗುತ್ತಾರೆ, ದೂರ ಹೋದವರು ಕೆಲವರು ಬರುವುದಿಲ್ಲ. ಇಷ್ಟು ಹೇಳಿ ಕೂತರು. ಮಧ್ಯಾಹ್ನ ಸ್ಯಾಂಡ್‌ವಿಚ್ ಬಂದಾಗ ಅದನ್ನು ಬದಿಗಿಟ್ಟು, ತಮ್ಮ ಚೀಲದಿಂದ ಒಣಮೀನಿನ ಪೊಟ್ಟಣ ತೆಗೆದು ಮೇಜಿನ ಮೇಲೆ ಬಿಚ್ಚಿದರು. ವಾಷಿಂಗ್ಟನ್ನಿನಿಂದ ಬಂದವರ ಕುರ್ಚಿಗಳು ಒಂದೊಂದಾಗಿ ಹಿಂದೆ ಸರಿದವು. ನನ್ನ ಬಾಯಲ್ಲಿ ನೀರು ಬಂತು. ಅಮೆರಿಕಕ್ಕೆ ಬಂದ ಮೇಲೆ ಒಣಮೀನನ್ನು ನಾನು ಕದ್ದು ತಿಂದವಳು, ಕಿಟಕಿ ತೆರೆದು, ಫ್ಯಾನ್ ಹಾಕಿ, ಮಗಳು ಸ್ಕೂಲಿಗೆ ಹೋದ ಮೇಲೆ. ಆ ದಿನ ಸಭೆಯ ನಡುವೆ, ಎಲ್ಲರ ಎದುರು, ಆಂಟಿಯ ಪಕ್ಕ ಕೂತು ತಿಂದೆ. ಇಪ್ಪತ್ತು ವರ್ಷದ ನಾಚಿಕೆ ಒಂದೇ ಮಧ್ಯಾಹ್ನಕ್ಕೆ ಬಿಟ್ಟುಹೋಯಿತು.

ಮೂರನೇ ದಿನ ಅವರನ್ನು ಮನೆಗೆ ಊಟಕ್ಕೆ ಕರೆದೆ. ಇಂಡಿಯನ್ ಅಂಗಡಿಯಿಂದ ಫ್ರೋಜನ್ ಬಂಗುಡೆ ತಂದು ಸಾರು ಮಾಡಿದ್ದೆ. ಆಂಟಿ ಮೊದಲು ಕೈಹಾಕಿದ್ದು ಮೀನಿನ ತಲೆಗೆ. ಕಣ್ಣನ್ನು ಚೀಪಿ, ಕಿವಿರಿನ ಪಕ್ಕದ ಮಾಂಸ ಬಿಡಿಸಿ, ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು. ಮಗಳು ಮುಖ ಆಚೆ ತಿರುಗಿಸಿ ಫೋನು ನೋಡುತ್ತಿದ್ದಳು. ನನ್ನ ಗಂಡ ಅಡುಗೆಮನೆಗೆ ಬಂದು, "ಎಂತ ಮಾರಾಯ್ತಿ, ನಿನ್ನ ಅಮ್ಮ ತಿಂದ ಹಾಗೇ ಉಂಟಲ್ಲ" ಎಂದರು. ನಾನು ಸಾರಿನ ಪಾತ್ರೆ ಎತ್ತಿಕೊಂಡು ಹೊರಗೆ ಬಂದೆ. ಅಲ್ಲೇ ನಿಂತಿದ್ದರೆ ಅಳು ಬರುತ್ತಿತ್ತು.

ಊಟವಾದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ, ಆಂಟಿ ಒರೆಸಿ ಇಡುತ್ತಿದ್ದರು. ಆಗ ಕೇಳಿದರು. ಅಕ್ಕನಿಗೆ ಮೈ ಸರಿಯಿಲ್ಲ, ವಿಮಾನ ಹತ್ತುವ ಸ್ಥಿತಿಯಲ್ಲಿಲ್ಲ, ಅಮ್ಮ ಸತ್ತಾಗ ಅವಳು ದೂರದ ಬೋರ್ಡಿಂಗ್ ಸ್ಕೂಲಿನಲ್ಲಿದ್ದಳು, ಹೂಳುವ ಹೊತ್ತಿಗೂ ಅವಳನ್ನು ಮನೆಗೆ ಕಳಿಸಲಿಲ್ಲ. ಅವಳು ಹೋಗುವ ಮೊದಲು ಅಮ್ಮನ ಧ್ವನಿ ಒಂದು ಸಲ ಕೇಳಬೇಕು. ನೀನು ಅದನ್ನು ಕಳಿಸಬಹುದಾ?

ಕಳಿಸಲು ಆಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನೇ ಟೈಪ್ ಮಾಡಿದ ಉತ್ತರ. ಆದರೆ ನನ್ನ ಮನೆಯಲ್ಲಿ ಉಂಡು, ನನ್ನ ತಟ್ಟೆ ಒರೆಸುತ್ತ ನಿಂತ ಹಿರಿಯರಿಗೆ ಆಗುವುದಿಲ್ಲ ಎನ್ನುವುದು ಹೇಗೆ? ತಲೆಯನ್ನು ಅತ್ತಿಂದಿತ್ತ ತೂಗಿ, ಇಂಗ್ಲಿಷಿನಲ್ಲಿ, "ನೋಡೋಣ ಆಂಟಿ" ಎಂದೆ.

ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಂಡಿನ ಕಡೆಯವರು ನೋಡೋಣ ಎಂದರೆ ಹೆಣ್ಣಿನ ಕಡೆಯವರು ಮರುದಿನವೇ ಬೇರೆ ಗಂಡು ಹುಡುಕಲು ಹೊರಡುತ್ತಾರೆ. ಇಲ್ಲ ಎಂಬ ಮಾತನ್ನು ಮುಖಕ್ಕೆ ಹೊಡೆದ ಹಾಗೆ ಹೇಳಬಾರದೆಂದು ನಮ್ಮ ಹಿರಿಯರು ಕಂಡುಹಿಡಿದ ಮೆತ್ತನೆಯ ಪದ ಅದು. ಆಂಟಿ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ತಟ್ಟೆಯನ್ನು ಮೆಲ್ಲಗೆ ಕಪಾಟಿನಲ್ಲಿಟ್ಟರು. ಅರ್ಥ ಮಾಡಿಕೊಂಡರು, ಬೇಸರ ಮಾಡಿಕೊಳ್ಳಲಿಲ್ಲ ಎಂದು ನನಗೂ ನಿರಾಳವಾಯಿತು. ಮರುದಿನ ಅವರನ್ನು ವಿಮಾನ ಹತ್ತಿಸಿ ಬಂದೆ.

ಆಮೇಲೆ ಫೋನುಗಳು ಶುರುವಾದವು. ಎರಡು ವಾರಕ್ಕೊಮ್ಮೆ, ನಮ್ಮ ಆಫೀಸಿನ ನಂಬರಿಗೆ, ನನ್ನ ಊಟದ ಹೊತ್ತಿಗೆ ಸರಿಯಾಗಿ. ಅಲ್ಲಿ ಆಗ ಬೆಳಗಿನ ಚಹಾ ಸಮಯ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಯಾರ ಮನೆಯಲ್ಲಿ ಮಗು ಹುಟ್ಟಿತು, ಮಂಜುಗಡ್ಡೆ ಈ ವರ್ಷ ಎಷ್ಟು ತಡ. ಟೇಪಿನ ಮಾತೇ ಇಲ್ಲ. ಇವತ್ತು ವಿಮಾನ ಬಂತು ಎಂದು ಮಾತ್ರ ಪ್ರತಿ ಸಲ ಹೇಳುತ್ತಿದ್ದರು. ಹಿಟ್ಟು ಬಂತು, ಮಕ್ಕಳ ಡಯಾಪರ್ ಬಂತು, ಯಾರದೋ ಟೈರು ಬಂತು. ನಾನು ಚಿತ್ರಾನ್ನ ಮುಂದಿಟ್ಟುಕೊಂಡು ಹೂಂಗುಟ್ಟುತ್ತಿದ್ದೆ. ತವರಿನಿಂದ ಫೋನು ಬರುವುದು ನಿಂತುಹೋಗಿದ್ದ ನನಗೆ ಅದೇ ತವರಿನ ಫೋನಾಯಿತು. ಆ ಕೆಲವು ತಿಂಗಳುಗಳಷ್ಟು ಸುಖವಾಗಿ ನಾನು ಆ ಮೇಜಿನ ಮುಂದೆ ಯಾವತ್ತೂ ಕೂತಿರಲಿಲ್ಲ. ಹಾಗಾಗಿಯೇ ಕಣ್ಣು ಮುಚ್ಚಿಹೋಗಿತ್ತೋ ಏನೋ.

ಜನವರಿಯ ಒಂದು ಫೋನಿನಲ್ಲಿ ಅಕ್ಕ ಈಗ ಹಾಸಿಗೆಯಿಂದ ಏಳುತ್ತಿಲ್ಲ ಎಂದರು. ಆಮೇಲೆ, "ಕಟ್ಟಿ ಆಯಿತಾ ಅಂತ ದಿನಾ ಕೇಳುತ್ತಾಳೆ. ತಯಾರಿ ಮಾಡುತ್ತಿದ್ದಾರೆ ಅಂತ ಹೇಳಿದ್ದೇನೆ. ವಿಮಾನ ಬಂದಾಗಲೆಲ್ಲ ನಾನೇ ಹೋಗಿ ನೋಡಿಕೊಂಡು ಬರುತ್ತೇನೆ" ಎಂದರು.

ಏನು ಕಟ್ಟುವುದು, ಯಾರು ತಯಾರಿ ಮಾಡುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಅವರು ಕಾಯುತ್ತಿದ್ದದ್ದು ನಾನು ಕಳಿಸುವ ಟೇಪಿನ ಪೊಟ್ಟಣಕ್ಕೆ ಎಂದು ಹೊಳೆದ ಮೇಲೆ ಚಿತ್ರಾನ್ನದ ಡಬ್ಬಿ ಮುಚ್ಚಿಟ್ಟೆ.

ಆ ಶನಿವಾರ ಮಗಳು ಕಾಲೇಜಿನಿಂದ ಮನೆಗೆ ಬಂದಿದ್ದಳು. ಅವಳಿಗೆ ಹೇಳಿಕೊಂಡೆ. ನಾನೇನು ಮಾತು ಕೊಟ್ಟಿರಲಿಲ್ಲ, ನೋಡೋಣ ಎಂದಿದ್ದೆ ಅಷ್ಟೇ, ಅವರು ಹೇಗೆ ಹೀಗೆ ತಿಳಿದುಕೊಂಡರು ಎಂದೆ. ಅವಳು ಸೀರಿಯಲ್ ತಿನ್ನುತ್ತಿದ್ದ ಚಮಚ ಕೆಳಗಿಟ್ಟಳು.

"ಅಮ್ಮಾ, ಯುವರ್ ನೋಡೋಣ ಮೀನ್ಸ್ ನೋ. ಐ ನ್ಯೂ ದಟ್ ವೆನ್ ಐ ವಾಸ್ ಫೋರ್. ಹೌ ವುಡ್ ಶೀ ನೋ?"

ಸೋಮವಾರ ಪ್ರೊಫೆಸರರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಊರಿನಲ್ಲಿ ನಾಳೆ ಹೀಗೆಯೇ ಮಾಡುತ್ತೇನೆ ಎಂದು ಯಾರೂ ಹೇಳುವುದಿಲ್ಲ ಎಂದರು. ನಾಳೆ ಗಾಳಿ ಹೇಗೋ, ಮಂಜುಗಡ್ಡೆ ಹೇಗೋ, ಮನುಷ್ಯ ಮೊದಲೇ ಗಟ್ಟಿಯಾಗಿ ಹೇಳಿದರೆ ಅದು ಅಹಂಕಾರ. ಖಂಡಿತ ಮಾಡುತ್ತೇನೆ ಎನ್ನುವವನನ್ನು ಅವರು ನಂಬುವುದಿಲ್ಲ. ನೋಡೋಣ ಎಂದವನು ಮನೆಗೆ ಹೋಗಿ ಹಗ್ಗ, ಈಟಿ, ದೋಣಿ ಎಲ್ಲ ಸಿದ್ಧಮಾಡುತ್ತಾನೆ. ಅದಕ್ಕಿಂತ ದೊಡ್ಡ ಆಣೆಭಾಷೆ ಅವರಲ್ಲಿ ಇಲ್ಲ. ಇಷ್ಟು ಹೇಳಿ ಅವರು ನನ್ನನ್ನು ಕರುಣೆಯಿಂದ ನೋಡಿದರು. ಆ ಕರುಣೆ ನನಗೆ ಬೇಕಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಂಟು ತಿಂಗಳಿಂದ ಒಬ್ಬ ಮುದುಕಿ ನನ್ನ ಒಂದು ಸುಳ್ಳು ಸೌಜನ್ಯವನ್ನು ನಂಬಿ, ಆ ಚಳಿಯಲ್ಲಿ ಕೋಟು ಹಾಕಿಕೊಂಡು ವಿಮಾನ ಇಳಿಯುವ ಜಾಗದ ತನಕ ಹೋಗಿ, ಟೈರು, ಡಯಾಪರ್ ಇಳಿಯುವುದನ್ನು ನೋಡಿ ವಾಪಸ್ ಬರುತ್ತಿದ್ದಳು. ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಆ ಕಾನೂನು ವಿಭಾಗದವರ ಮೇಲೂ ಬರಲಿಲ್ಲ. ಫೋನು ಮಾಡಿ ನಿಜ ಹೇಳಿಬಿಡಲೇ ಎಂದು ಎರಡು ದಿನ ಯೋಚಿಸಿದೆ. ಹೇಳಿದರೆ ಆಂಟಿ ಅದನ್ನು ಹಾಸಿಗೆಯ ಪಕ್ಕ ಹೋಗಿ ಅಕ್ಕನಿಗೆ ಹೇಳಬೇಕಾಗುತ್ತಿತ್ತು. ಅದು ನನ್ನಿಂದ ಆಗಲಿಲ್ಲ.

ಕಾನೂನು ವಿಭಾಗಕ್ಕೆ ನಾನೇ ಹೋದೆ. ಅಲ್ಲಿನ ಹೆಂಗಸು ಒಳ್ಳೆಯವಳೇ. ನೀರು ಕೊಟ್ಟಳು, ಫಾರಮ್ಮು ಕೊಟ್ಟಳು, ಸಮಿತಿ ಬೇಸಿಗೆಯಲ್ಲಿ ಸೇರುತ್ತದೆ ಎಂದಳು. ಕಾಯಿಲೆಯವರಿಗೆ ಬೇಸಿಗೆಯ ತನಕ ಇರಲು ಹೇಳುತ್ತೀರಾ ಎಂದು ಕೇಳಿಬಿಟ್ಟೆ. ಅವಳು ಕ್ಷಮಿಸಿ ಎಂದಳು. ಅದೇ ವಾರ ನಮ್ಮ ಕಾರ್ಯಾಗಾರದ ಶಿಫಾರಸುಗಳ ಕೊನೆಯ ಕರಡು ತಿದ್ದಲು ನನ್ನ ಮೇಜಿಗೆ ಬಂತು. ಮೊದಲನೆಯ ಶಿಫಾರಸೇ ಮೂಲನಿವಾಸಿಗಳ ಜ್ಞಾನ ಮೂಲನಿವಾಸಿಗಳಿಗೇ ಸೇರಿದ್ದು, ಅದನ್ನು ಅವರಿಗೆ ಮರಳಿಸತಕ್ಕದ್ದು ಎಂದಿತ್ತು. ಕಾಗುಣಿತ ತಿದ್ದುತ್ತ ಎದುರಿನ ಬೀರುವಿನ ಬೀಗ ನೋಡಿದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಜೋರಾಗಿಯೇ ಅಂದೆ. ಪಕ್ಕದ ಮೇಜಿನವರು ಅದು ಉತ್ತರದ ಯಾವ ಭಾಷೆ ಎಂದು ಕೇಳಿದರು.

ಸಿಟ್ಟಿನಲ್ಲೇ ಆ ನಿಯಮದ ಕಾಗದ ತೆಗೆದು ಮತ್ತೊಮ್ಮೆ ಓದಿದೆ. ಪ್ರತಿ ಈ ಕೋಣೆಯಿಂದ ಆಚೆ ಹೋಗಕೂಡದು. ಸರಿ. ಪ್ರತಿ ಹೋಗಕೂಡದು. ಕೋಣೆಯೊಳಗೆ ಟೇಪು ಹಾಕಿ ಕೇಳಬಾರದು ಎಂದು ಎಲ್ಲಿಯೂ ಇರಲಿಲ್ಲ. ಕೇಳುವಾಗ ಪಕ್ಕದಲ್ಲಿ ಫೋನು ತೆರೆದಿರಬಾರದು ಎಂದೂ ಇರಲಿಲ್ಲ. ಪ್ರೊಫೆಸರರಿಗೆ ತೋರಿಸಿದೆ. ಎರಡು ಸಲ ಓದಿದರು. ಮಧ್ಯಾಹ್ನ ಒಂದು ಗಂಟೆಗೆ ನಾನು ಊಟಕ್ಕೆ ಹೋಗುತ್ತೇನೆ, ನನ್ನ ಊಟ ಬಹಳ ನಿಧಾನ ಎಂದು ನಿಮಗೆ ಗೊತ್ತಲ್ಲ ಎಂದರು.

ಸಮಿತಿ ಆಮೇಲೆ ಒಪ್ಪಿತು. ಒಂದೂವರೆ ವರ್ಷದ ಮೇಲೆ ಟೇಪುಗಳು ಧನ್ಯವಾದ ಪತ್ರದ ಜೊತೆ ಉತ್ತರಕ್ಕೆ ಹೋದವು. ಪ್ಯಾಕ್ ಮಾಡಿದವಳು ನಾನೇ. ಅಷ್ಟರಲ್ಲಿ ಅಕ್ಕ ಇರಲಿಲ್ಲ. ನಮ್ಮ ಶಿಫಾರಸುಗಳಲ್ಲಿ ಎರಡೋ ಮೂರೋ ಹಡಗಿನ ನಿಯಮಗಳ ಒಳಗೆ ಸೇರಿದವು ಎಂದು ಕೇಳಿದ್ದೇನೆ. ಪ್ರೊಫೆಸರ್ ತೀರಿಕೊಂಡರು, ಅನುದಾನ ನಿಂತಿತು, ತಂಡ ಚದುರಿತು. ಕೊನೆಯ ದಿನ ನಕ್ಷೆ ಇಳಿಸಿದಾಗ ಗೋಡೆಯ ಮೇಲಿನ ಬೊಟ್ಟನ್ನು ಕೀಳಲು ನನಗೆ ಮನಸ್ಸಾಗಲಿಲ್ಲ. ಇವೆಲ್ಲ ಆದದ್ದು ಹೌದು. ಆದರೆ ಹನ್ನೊಂದು ವರ್ಷದಲ್ಲಿ ನೀನು ಮಾಡಿದ್ದೇನು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಮಾರ್ಚ್ ತಿಂಗಳ ಮಧ್ಯಾಹ್ನವೊಂದೇ.

ಮೊದಲೇ ಆಂಟಿಗೆ ತಿಳಿಸಿದ್ದೆ. ಫೋನನ್ನು ಅಕ್ಕನ ದಿಂಬಿನ ಪಕ್ಕ ಇಟ್ಟಿದ್ದೇನೆ ಎಂದರು. ನಾನು ಮೂರನೆಯ ಟೇಪು ಆರಿಸಿಕೊಂಡೆ, ಮಕ್ಕಳು ಮತ್ತು ನಾಯಿ ಇದ್ದದ್ದು. ಕಂಪ್ಯೂಟರಿನ ಸ್ಪೀಕರ್ ಜೋರು ಮಾಡಿ, ರಿಸೀವರನ್ನು ಅದಕ್ಕೆ ಹಿಡಿದೆ. ಸ್ವಲ್ಪ ಓಡಿದ ಮೇಲೆ ನಿಲ್ಲಿಸಿ ಕೇಳಿಸುತ್ತಿದೆಯಾ ಎಂದು ಕೇಳಿದೆ. ಉತ್ತರವಿಲ್ಲ. ಮತ್ತೆ ಕೇಳಿದೆ. ಇಲ್ಲ. ಲೈನು ಹೋಯಿತೆಂದು ರಿಸೀವರನ್ನು ಕಿವಿಗೆ ಒತ್ತಿಕೊಂಡೆ. ಆಗ ಪ್ರೊಫೆಸರ್ ಒಮ್ಮೆ ಹೇಳಿದ್ದು ನೆನಪಾಯಿತು, ಆ ಊರಿನವರು ಹೌದು ಎನ್ನುವುದಕ್ಕೆ ಬಾಯಿ ತೆರೆಯುವುದಿಲ್ಲ, ಹುಬ್ಬು ಏರಿಸುತ್ತಾರೆ. ಅಲ್ಲಿ ಇಬ್ಬರು ಮುದುಕಿಯರು ಫೋನಿನ ಮುಂದೆ ಹುಬ್ಬು ಏರಿಸಿಕೊಂಡು ಕೂತಿದ್ದಾರೆ, ಇಲ್ಲಿ ನಾನು ಹಲೋ ಹಲೋ ಎನ್ನುತ್ತಿದ್ದೇನೆ. ಟೇಪು ಮುಂದೆ ಓಡಿಸಿದೆ.

ತಾಯಿ ಮಾತಾಡುತ್ತಿದ್ದಳು. ನನಗೆ ಬಾಯಿಪಾಠವಾಗಿದ್ದ ಧ್ವನಿ. ಟೇಪಿನಲ್ಲಿ ಹುಡುಗಿಯೊಬ್ಬಳು ನಕ್ಕಳು, ತಾಯಿ ದನಿ ಏರಿಸಿ ಏನೋ ಅಂದಳು, ಹುಡುಗಿ ಸಣ್ಣಗೆ ಒಂದು ಮಾತು ಉತ್ತರ ಕೊಟ್ಟಳು. ಅದೇ ಹೊತ್ತಿಗೆ ರಿಸೀವರಿನಿಂದ, ಒಣಗಿದ, ಒಡೆದ ಇನ್ನೊಂದು ಧ್ವನಿ ಅದೇ ಮಾತನ್ನು ಹೇಳಿತು. ತಾಯಿ ಮತ್ತೆ ಏನೋ ಕೇಳಿದಳು. ಟೇಪಿನ ಹುಡುಗಿಯೂ ಹಾಸಿಗೆಯ ಮುದುಕಿಯೂ ಒಟ್ಟಿಗೆ ಉತ್ತರ ಕೊಟ್ಟರು. ಆಮೇಲೆ ಆ ಕಡೆ ನಗು, ನಗುವಿನಿಂದ ಕೆಮ್ಮು, ಕೆಮ್ಮಿನ ನಡುವೆ ಮತ್ತೆ ನಗು.

ಆಂಟಿ ಫೋನಿಗೆ ಬಂದರು. ಅಮ್ಮ ಏನು ಹೇಳುತ್ತಿದ್ದಾರೆ ಎಂದು ಕೇಳಿದೆ. ಆ ಭಾಗಕ್ಕೆ ನನ್ನ ಪಟ್ಟಿಯಲ್ಲಿ ಬೇಟೆಯ ಕಥೆ ಇರಬಹುದು ಎಂದು ಬರೆದಿದ್ದೆ.

"ಬೈಯುತ್ತಿದ್ದಾಳೆ. ಬಾಗಿಲು ಹಾಕಿಕೊಂಡು ಬಾ, ಮನೆಯ ಶಾಖವೆಲ್ಲ ಹೊರಗೆ ಹೋಯಿತು ಅಂತ. ಆ ಬಿಳಿ ಹುಡುಗ ತಪ್ಪು ಮಾತಾಡುತ್ತಾನೆ ಅಂತ ನಗಬೇಡಿ, ಅವನ ಅಮ್ಮ ದೂರ ಇದ್ದಾಳೆ, ಅವನ ಕಪ್ಪಿಗೆ ಚಹಾ ಹಾಕಿ ಅಂತ."

ತಿರುಗಿ ನೋಡಿದರೆ ಪ್ರೊಫೆಸರ್ ಬಾಗಿಲಲ್ಲಿ ನಿಂತಿದ್ದರು. ಊಟಕ್ಕೆ ಹೋಗಿರಲೇ ಇಲ್ಲ. ಆಂಟಿ ಹೇಳಿದ್ದನ್ನು ಅವರಿಗೆ ಹೇಳಿದೆ. ಅವರು ಗೋಡೆ ಹಿಡಿದುಕೊಂಡು, ನನಗೇ ನಗುತ್ತಿದ್ದರಾ ಎಂದು ಕೇಳಿ, ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತರು.

ಅಕ್ಕ ಮತ್ತೆ ಕೇಳಬೇಕಂತೆ ಎಂದರು ಆಂಟಿ. ಬೇಟೆಯದ್ದು ಬೇಡ, ಮಂಜುಗಡ್ಡೆಯದ್ದು ಬೇಡ, ನಮಗೆ ಬೈದದ್ದನ್ನು ಹಾಕು. ನನಗೆ ಅಳು ತಡೆಯಲಾಗಲಿಲ್ಲ. ಅಮ್ಮ ಹೋದ ಮೇಲೆ ನನಗೆ ಬೈಯುವವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ಮುಗಿದ ಕೂಡಲೇ ಆ ಕಡೆಯಿಂದ ಇನ್ನೊಂದು ಸಲ ಎಂಬ ಒಡೆದ ಧ್ವನಿ. ಇನ್ನೊಂದು ಸಲ ಹಾಕಿದೆ. ಕೈ ಬದಲಿಸಿ ರಿಸೀವರ್ ಹಿಡಿದುಕೊಂಡೆ. ಪ್ರತಿ ಸಲವೂ ತಾಯಿ ಕೇಳಿದ್ದಕ್ಕೆ ಮಗಳು ಉ‌ತ್ತರ ಕೊಡುತ್ತಿದ್ದಳು. ಏಳನೆಯ ಸಲ ಟೇಪಿನ ಹುಡುಗಿಯ ಉತ್ತರ ಮಾತ್ರ ಕೇಳಿಸಿತು. ನಾನು ಗಾಬರಿಯಿಂದ ನಿಲ್ಲಿಸಿ, ಆಂಟೀ ಎಂದೆ.

"ನಿದ್ದೆ ಹೋದಳು ಮಗಳೇ. ಮೂರು ದಿನದಿಂದ ಮಲಗಿರಲಿಲ್ಲ" ಎಂದರು ಆಂಟಿ, ಬಹಳ ಸಣ್ಣ ಧ್ವನಿಯಲ್ಲಿ. "ನಿಲ್ಲಿಸಬೇಡ. ಅಮ್ಮ ಮಾತಾಡುತ್ತಿರಲಿ."

ನಾನು ಟೇಪನ್ನು ಮತ್ತೆ ಮೊದಲಿನಿಂದ ಹಾಕಿ, ಧ್ವನಿ ಸ್ವಲ್ಪ ಕಡಿಮೆ ಮಾಡಿದೆ.